ಮನಿ ನೋಡಾಕ ಹೋಗಿ ಊರು ನೋಡಿ ಬಂದವರು

ಶಹಾಬಾದ
12 ನವೆಂಬರ್ 2024

ಅಕ್ಕಾ,

ನಾ ಕುಡದಿದ್ದಿಲ್ಲ.

ಯಾರು ಹೇಳಿದ್ರು ನಿನಗ? ಅಪ್ಪನಾ? ಅಂವ ಮುಂದಿನ ಸೀಟಿನ್ಯಾಗ ಗೊರಕಿ ಹೊಡಕೋತ ಹೋದಾವ, ಅವಂಗೇನು ಗೊತ್ತು. ಬಸ್ಸಿನ್ಯಾಗ ನನ್ನ ಬಾಜೂಕ ಕುಂತಾಕಿ ಅವ್ವ. ಆಕಿಗಿ ಕೇಳು. ವಾಸನಿ ಬಂದಿದ್ರ ಸೇಡಂ ದಾಟೂದ್ರಾಗೇ ನನಗ ಕೆಳಗ ಇಳಿಸ್ತಿದ್ದಳು. ಹೈದರಾಬಾದಿನ್ಯಾಗ ನಿನ್ನ ಆ ಸಂಗಮೇಶ್ವರನ ಮನ್ಯಾಗ ನಾ ನಕ್ಕಿದ್ದು ಖರೆ. ನಶಾದಾಗ ನಕ್ಕಿಲ್ಲ. ನಗೂವಂಗ ಇತ್ತು, ನಕ್ಕೆ.

ಅಪ್ಪ ನನ್ನ ನಂಬರ್ ಬ್ಲಾಕ್ ಮಾಡಿಸ್ಯಾನ. ಮನ್ಯಾಗಿರೋ ಒಂದು ಫೋನು ಅವನ ಕಿಸೇದಾಗೇ ಇರ್ತದ. ಅದಕ್ಕ ಬರೀಲಿಕತ್ತೀನಿ. ಒಂಬತ್ತನೇತ್ತಾಕ್ಕ ಸಾಲಿ ಬಿಟ್ಟ ಮ್ಯಾಲ ಇಷ್ಟುದ್ದ ಬರದಿಲ್ಲ, ಅಕ್ಷರ ನೋಡಿ ನಗಬ್ಯಾಡ. ನಾ ದುಡಿಯೋ ಫರಸಿ ಕಲ್ಲಿನ ಖಣಿ ಲಾರಿ ಹೊಡಿಯೋ ತಾಹಿರ್ ಆಡಕಿ ಕ್ರಾಸಿನ್ಯಾಗ ಅನಸುಬಾಯಿ ಚಾದಂಗಡಿಗಿ ಇದನ್ನ ಕೊಡ್ತಾನ. ಆಕಿ ನಿನಗ ಮುಟ್ಟಸ್ತಾಳ. ಆಕಿ ಬಾಯಿ ಗಟ್ಟಿ ಅದ, ಹೆದರಬ್ಯಾಡ.

ಹುಡುಗನ ಮನಿ ನೋಡಾಕ ಹುಡುಗಿ ಹೋಗಂಗಿಲ್ಲ, ಹುಡುಗಿ ಮಂದಿ ಹೋಗ್ತಾರ. ಅದಕ್ಕ ನೀ ಏನೂ ನೋಡಿಲ್ಲ. ನೋಡಿದ್ದು ನಾ ಹೇಳ್ತೀನಿ.

ನಮ್ಮಪ್ಪ ಬಸವಂತರಾಯ ಮನಿ ನೋಡೋದು ಹ್ಯಾಂಗಂತ ನಿನಗ ಗೊತ್ತದ. ಕಾಕಾನ ಮಗಳು ನಾಗರತ್ನಾನ ಲಗ್ನಕ್ಕ ಚಿಂಚೋಳಿ ಕಡಿ ಮನಿ ನೋಡಾಕ ಹೋದಾಗ ಜ್ವಾಳದ ಚೀಲದಾಗ ಮೊಣಕೈತನಕ ಕೈ ಹಾಕಿ ತಳದಾನ ಕಾಳು ತಗದು ಕಡದು ನೋಡಿದಾವ. ಬಾವಿ ನೀರು ಕುಡದು ಉಗಳಿದಾವ. ಗ್ವಾಡಿ ಬಡದು ಸಪ್ಪಳ ಕೇಳಿದಾವ. ಅಂಥಾವ ಇಲ್ಲೇನು ಮಾಡ್ದ?

ಲಿಫ್ಟಿನ್ಯಾಗ ಇಪ್ಪತ್ತೇಳನೇ ಅಂತಸ್ತಿಗಿ ಹೋದ್ವಿ. ಕಿವಿ ಮುಚ್ಚಿದ್ವು. ಸಂಗಮೇಶ್ವರ ಬಾಗಲಾ ತಗದ, "ಬರ್ರಿ ಮಾಮಾ, ಇಲ್ಲಿ ಬಂದು ನೋಡ್ರಿ" ಅಂತ ಸೀದಾ ದೊಡ್ಡ ಕಿಟಕಿ ಕಡಿ ಕರಕೊಂಡು ಹೋದ. ಮುಗೀತು. ಮತ್ತ ಒಬ್ಬರೂ ಹಿಂದಕ್ಕ ತಿರುಗಲಿಲ್ಲ. ಅಪ್ಪ ಕಿಟಕಿ ಗಾಜಿಗಿ ಮೂಗು ಹಚ್ಚಿ ನಿಂತ. "ಅಬ್ಬಬ್ಬಬ್ಬಾ, ಏನ್ ಊರಪಾ ಇದು, ಅಂಗೈಯಾಗ ಇಟ್ಟಂಗ ಅದಲ್ಲೋ!" ಅವ್ವ ತಲಿಮ್ಯಾಲ ಸೆರಗು ಹೊಚ್ಕೊಂಡ್ಳು, ಆ ಬಿಲ್ಡಿಂಗ್ ಎಲ್ಲ ಆಕಿ ಮಾವಂದಿರಂಗ. ಅವ್ವನ ತಮ್ಮ ಜಟ್ಟೆಪ್ಪ ಮಾವ ಒಬ್ಬ "ಗಾಳಿ ಭಾಳ ಅದ" ಅಂತ ಸೋಫಾದ ತುದಿಗಿ ಕುಂತ. ಸೋಫಾಕ್ಕೆಲ್ಲ ಬಿಳಿ ಚಾದರಾ ಹೊಚ್ಚಿದ್ವು. ಅಪ್ಪ ಅಂದ, "ಹುಡುಗ ಭಾಳ ಸ್ವಚ್ಛ ಇದ್ದಾನ, ಕುರ್ಚಿಗೂ ಹೊದಿಕಿ ಹಾಕ್ಯಾನ ನೋಡು."

ನಾ ನೀರು ಕುಡೀಲಾಕ ಅಡಗಿಮನಿಗಿ ಹೋದೆ. ಒಲಿಮ್ಯಾಲ ಒಂದು ಎಣ್ಣಿ ಹನಿ ಇಲ್ಲ. ಫ್ರಿಜ್ ಬಂದಾಗ್ಯಾದ, ಬಾಗಲಕ್ಕ ಅರಿವಿ ತುರುಕಿ ತೆರದಿಟ್ಟಾರ. ಡಬ್ಬಿ ಎಲ್ಲ ಖಾಲಿ. ನಗು ಬಂತು. "ಅಪ್ಪಾ, ಇಲ್ಲಿ ಬಾ, ಈ ಮನ್ಯಾಗ ಒಂದು ಕಾಳು ಜ್ವಾಳ ಇಲ್ಲ" ಅಂದೆ. ಅಂವ ತಿರುಗದೇನೇ ಅಂದ, "ಸುಮ್ಮಿರೋ, ಲೈಟ್ ಹತ್ತಾಕತ್ತಾವ ನೋಡು!"

ಲೈಟ್ ನೋಡ್ಕೋತನೇ ಪೇಡಾ ಬಾಯಾಗ ಹಾಕ್ಕೊಂಡ. ಬೀಗರ ಮನಿ ಸಿಹಿ ಬಾಯಾಗ ಹೋತಂದ್ರ ನಮ್ಮ ಮಂದ್ಯಾಗ ಮಾತು ಕೊಟ್ಟಂಗ, ಹಿಂದಕ್ಕ ಬರಂಗಿಲ್ಲ. ನಾ ತಿನ್ನಲಿಲ್ಲ. "ಮನಿ ನೋಡಾಕ ಬಂದು ಊರು ನೋಡಾಕತ್ತೀರಿ, ಥೂ" ಅಂದೆ. ಅದಕ್ಕ ನಾ ಕುಡದಿದ್ನಂತ.

ಅಪ್ಪ ಮದಲ ಬ್ಯಾಡಂದ ಜಟ್ಟೆಪ್ಪ ಮಾವನೇ ನೂರು ಪಾಲು ಮೇಲು. ಹೆಂಡತಿ ಸತ್ತಾಳ, ಎರಡು ಮಕ್ಕಳವ, ತಲಿ ಬೆಳ್ಳಗಾಗ್ಯಾದ. ಇರಲಿ. ಚಿತ್ತಾಪುರದಾಗ ಮನಿ ಅವಂದು, ಒಲಿ ಅವಂದು. ಈ ಪೋರನ ಬಲ್ಲಿ ಏನದ? ಕಿಟಕಿ.

ಬ್ಯಾಡ ಅನ್ನು.

ನಿನ್ನ ತಮ್ಮ
ಚಂದ್ರಶಾ


ಆಡಕಿ
19 ನವೆಂಬರ್ 2024

ಚಂದ್ರು,

ನಿನ್ನ ಪತ್ರ ಅನಸುಬಾಯಿ ಕೊತ್ತಂಬರಿ ಸೂಡಿನಲ್ಲಿ ಸುತ್ತಿ ತಂದುಕೊಟ್ಟಳು. ಅಕ್ಷರ ನೋಡಿ ನಗಲಿಲ್ಲ.

ಒಲೆ, ಫ್ರಿಜ್ಜು, ಡಬ್ಬಿ, ಸೋಫಾ ಎಲ್ಲ ಬರೆದಿದ್ದೀಯ. ಕಿಟಕಿಯಿಂದ ಏನು ಕಾಣುತ್ತಿತ್ತು ಅಂತ ಮಾತ್ರ ಒಂದು ಸಾಲೂ ಬರೆದಿಲ್ಲ. ಅಪ್ಪನನ್ನು ಕೇಳಿದರೆ "ಭಾಳ ಛಂದವಾ, ಭಾಳ ಛಂದ" ಅನ್ನುತ್ತಾರೆ. ಅವ್ವನನ್ನು ಕೇಳಿದರೆ "ನಂಗ ಕಣ್ಣಿಗಿ ಕತ್ತಲಿ ಬಂತು, ಬಿಡು" ಅನ್ನುತ್ತಾಳೆ. ಫೋನಿನಲ್ಲಿ ಫೋಟೋ ಇವೆ, ಆದರೆ ಎಲ್ಲದರಲ್ಲೂ ಅಪ್ಪನ ರುಮಾಲೇ ಅರ್ಧ ತುಂಬಿದೆ. ನಿನ್ನ ಕಣ್ಣು ಚುರುಕು. ನೀನು ಬರಿ.

ನಮ್ಮ ಅಡುಗೆಮನೆಯ ಗವಾಕ್ಷಿ ನಿನಗೆ ನೆನಪಿರಬಹುದು. ಅದರಿಂದ ಎಮ್ಮೆಯ ಬೆನ್ನು ಕಾಣುತ್ತದೆ. ಎಮ್ಮೆ ಸರಿದರೆ ಗೋಡೆ ಕಾಣುತ್ತದೆ. ಬಿ.ಎ. ಮುಗಿಸಿ ಬಂದ ಮೇಲೆ ನಾನು ನೋಡುತ್ತಿರುವುದು ಇವೆರಡೇ.

ಜಟ್ಟೆಪ್ಪ ಮಾವನ ವಿಷಯ ಇನ್ನೊಮ್ಮೆ ಬರೆಯಬೇಡ.

ನಿನ್ನ ಅಕ್ಕ
ಶೈಲಶ್ರೀ


ಶಹಾಬಾದ
24 ನವೆಂಬರ್ 2024

ಅಕ್ಕಾ,

ಕಿಟಕಿ, ಕಿಟಕಿ, ಕಿಟಕಿ. ನಿನಗೂ ಅದೇ ರೋಗ ಹತ್ತಿತಾ? ತಗೋ, ಕೇಳು.

ಡಬ್ಬಿ. ಡಬ್ಬಿ ಮ್ಯಾಲ ಡಬ್ಬಿ. ಕೋಳಿ ಮಾರೋರು ಲಾರಿನ್ಯಾಗ ಪಂಜರ ಒಂದರ ಮ್ಯಾಲ ಒಂದು ಹೇರ್ತಾರಲ್ಲ, ಹಂಗ. ಕೋಳಿ ಪಂಜರಕ್ಕ ಗಾಜು ಹಚ್ಚಿದ್ರ ಅದೇ ನಿನ್ನ ಹೈದರಾಬಾದು. ಕೆಲವೊಂದು ಇನ್ನಾ ಕಟ್ಟಲಿಕತ್ತಾರ, ಅವುರ ತಲಿಮ್ಯಾಲ ಕ್ರೇನು ಒಂಟಿಕಾಲಿನ ಕೊಕ್ಕರಿ ನಿಂತಂಗ ನಿಂತಾವ. ಅಪ್ಪ ಅವಕ್ಕೂ "ಆಹಾ" ಅಂದ. ಕ್ರೇನಿಗಿ ಆಹಾ ಅನ್ನೋ ಮನಷ್ಯಾನ್ನ ನಾ ಅಲ್ಲೇ ನೋಡಿದ್ದು.

ಆ ಡಬ್ಬಿ ಯಾತರಾಗಿಂದ ಎದ್ದಾವ ಹೇಳು? ಸಿಮೆಂಟಿನ್ಯಾಗಿಂದ. ಸಿಮೆಂಟ್ ಎಲ್ಲಿದು? ನಮ್ಮ ಸೇಡಂ, ವಾಡಿ ಫ್ಯಾಕ್ಟರಿದು. ಆ ಧೂಳು ನಮ್ಮ ತೊಗರಿಮ್ಯಾಲ ಕೂಡ್ತದ, ಒಣಗಾಕ ಹಾಕಿದ ಹಪ್ಪಳದ ಮ್ಯಾಲ ಕೂಡ್ತದ. ವಾಡಿನ್ಯಾಗ ಮೂಗು ಸೀಟಿದ್ರ ಬೂದಿ ಬರ್ತದ. ಅದೇ ಧೂಳು ಅಲ್ಲಿ ಎದ್ದು ನಿಂತದ. ಇಲ್ಲಿ ಕೆಮ್ಮಿ ಉಗಳೋದನ್ನ ಅಲ್ಲಿ ಹೋಗಿ ಕೈ ಮುಗದು ನೋಡಿ ಬಂದಾನ ನಮ್ಮಪ್ಪ.

ಮತ್ತ ಛಂದ ಯಾಕ ಕಾಣ್ತದ ಗೊತ್ತೇನು? ಅಷ್ಟು ಮ್ಯಾಲಿಂದ ಮಂದಿ ಕಾಣಂಗಿಲ್ಲ. ಮಂದಿ ಕಾಣದಿದ್ರ ನಮ್ಮ ಶಹಾಬಾದನೂ ಛಂದನೇ ಅದ.

ಸಂಜಿಗಿ ಒಂದು ಕೆರಿ ಕಂಡಿತು. ಅದರ ನೀರಿನ್ಯಾಗ ದೀಪ ಉದ್ದಕ ಇಳದಿದ್ವು, ಯಾರೋ ಒಗದು ಹಿಂಡದೇ ಹಂಗೇ ಹಾಕಿದ ಜರಿ ಸೀರಿಗತೆ. ಒಂದು ವಿಮಾನ ನಮ್ಮ ಎದಿ ಮಟ್ಟಕ್ಕ ಹೋತು. ಮ್ಯಾಲ ಅಲ್ಲ, ಎದಿ ಮಟ್ಟಕ್ಕ. ಒಳಗಿನ ಲೈಟ್ ಸುದ್ದಾ ಕಂಡ್ವು. ಅದೊಂದು... ಹೋಗಲಿ ಬಿಡು. ನಾ ಅದನ್ನ ನೋಡಾಕ ಹೋಗಿದ್ದಿಲ್ಲ.

ಬರೋ ತಿಂಗಳ ತಾಹಿರನ ಲಾರಿ ಆ ಕಡಿ ಹೊಂಟದ. ನಾನೂ ಕುಂತು ಹೋಗ್ತೀನಿ. ಅಪ್ಪ ಕೇಳಬೇಕಾಗಿದ್ದು ನಾ ಕೇಳಿ ಬರ್ತೀನಿ. ಮನಿ ಯಾರದು ಅಂತ.

ಚಂದ್ರಶಾ


ಆಡಕಿ
8 ಡಿಸೆಂಬರ್ 2024

ಚಂದ್ರು,

ಜರಿ ಸೀರೆಯ ಮಾತು ಎಷ್ಟು ಸಲ ಓದಿದೆನೋ.

ಲಗ್ನಪತ್ರಿಕೆ ಅಚ್ಚಿಗೆ ಹೋಗಿದೆ. ಮದುವೆ ಫೆಬ್ರವರಿಯಲ್ಲಿ. ನಿನಗೆ ನಗಲು ಒಂದು ಸುದ್ದಿ ಕೊಡುತ್ತೇನೆ. ವರನ ಹೆಸರಿನ ಕೆಳಗೆ ಡಿಗ್ರಿ ಹಾಕುತ್ತಾರಲ್ಲ, ಆ ಜಾಗದಲ್ಲಿ ಅಪ್ಪ "ಇಪ್ಪತ್ತೇಳನೇ ಅಂತಸ್ತು, ಹೈದರಾಬಾದ" ಅಂತ ಹಾಕಿಸಿದ್ದಾರೆ. ಸೇಡಮ್ಮಿನ ಪ್ರೆಸ್ಸಿನವನು "ಹಿಂಗ ಯಾರೂ ಹಾಕಂಗಿಲ್ರಿ ಗೌಡ್ರ" ಅಂದನಂತೆ. "ಯಾರಿಗಿ ಅದ ಹೇಳು, ಇದ್ದೋರಷ್ಟೇ ಹಾಕ್ತಾರ" ಅಂದರಂತೆ ಅಪ್ಪ. ಕ್ಷೌರ ಮಾಡಿಸಿಕೊಳ್ಳುವಾಗಲೂ ಫೋಟೋ ತೋರಿಸುತ್ತಾರೆ. ಅರ್ಧ ಗಡ್ಡದಲ್ಲೇ ಎದ್ದು ನಿಂತು ತೋರಿಸಿದರು ಅಂತ ಅವ್ವ ಹೇಳಿದಳು. ಅಪ್ಪ ಇಷ್ಟು ನಗುವುದನ್ನು ನಾನು ನೋಡಿರಲಿಲ್ಲ.

ಭಾನುವಾರ ಹೈದರಾಬಾದಿನಿಂದ ಅವರ ಫೋನ್ ಬರುತ್ತದೆ. ಅಪ್ಪ ಮಾತಾಡಿ ಆದ ಮೇಲೆ ನನಗೆ ಕೊಡುತ್ತಾರೆ. ನಾನು ಹಿತ್ತಲಿಗೆ ಹೋಗಿ ಮಾತಾಡುತ್ತೇನೆ. ಅವರದು ಮಾತು ಕಡಿಮೆ. "ಈಗ ಏನು ಕಾಣಾಕತ್ತದರಿ?" ಅಂತ ಕೇಳುತ್ತೇನೆ. "ತಡೀರಿ" ಅಂತ ಹೇಳಿ, ಹೋಗಿ ನೋಡಿ ಬಂದು ಹೇಳುತ್ತಾರೆ.

ನೀನು ಅಲ್ಲಿಗೆ ಹೋಗಬೇಡ. ಹೋಗಿ ಕೇಳುವಂಥದ್ದು ಏನೂ ಇಲ್ಲ.

ಶೈಲಶ್ರೀ


ಹೈದರಾಬಾದ, ಲಾರಿ ಅಡ್ಡಾ
20 ಡಿಸೆಂಬರ್ 2024

ಅಕ್ಕಾ,

ಹೋಗಿದ್ದೆ.

ಗೇಟಿನ್ಯಾಗ ವಾಚಮನ್ ತಡದ. ಹೆಸರು ಗುಲಾಮ ದಸ್ತಗೀರ, ನಮ್ಮ ಚಿಂಚೋಳಿಯಾಂವ. ಮಾತು ಕೇಳಿದ ಕೂಡ್ಲೇ ಗುರ್ತ ಹಿಡದ.

"ಯಾರ ಮನಿಗಪಾ?"

"ಇಪ್ಪತ್ತೇಳನೇ ಅಂತಸ್ತಿಗಿ. ಸಂಗಮೇಶ್ವರ ಅವರ ಮನಿ."

"ಸಂಗಮೇಶ್ವರನ ಮನಿ? ತೋಬಾ ತೋಬಾ." ಅಂವ ಬಿದ್ದು ಬಿದ್ದು ನಕ್ಕ. "ಅರೆ ಬೇಟಾ, ಅಂವ ಮನಿ ಕಾಯಾಂವ. ನಾ ಗೇಟ್ ಕಾಯ್ತೀನಿ, ಅಂವ ಮನಿ ಕಾಯ್ತಾನ. ಮಾಲಕರು ದುಬೈನ್ಯಾಗ ಅದಾರ. ಅವರು ಬಂದು ಎರಡು ವರ್ಷ ಆತು."

ಕೇಳಿಸ್ತಾ?

ಮ್ಯಾಲ ಹೋಗಿ ಬಾಗಲಾ ತಗಸಿ ಸಂಗಮೇಶ್ವರನ ಕೊಳ್ಳಪಟ್ಟಿ ಹಿಡದೆ. ಅಂವ ಬಿಡಸ್ಕೊಳ್ಳಲಿಲ್ಲ. "ಒಳಗ ಬಾ, ಮಂದಿ ನೋಡ್ತಾರ" ಅಂದ. ಅಡಗಿಮನಿ ಹಿಂದ ಒಂದು ಖೋಲಿ ತೋರಿಸಿದ. ಬಟ್ಟಿ ಒಗಿಯೋ ಮಷೀನು, ಅದರ ಬಾಜೂಕ ಮಂಚ, ಮಂಚದ ಕೆಳಗ ಟ್ರಂಕು. ಅಷ್ಟೇ. ಅವನ ಮನಿ ಅಂದ್ರ ಅದು. ಅದಕ್ಕ ಕಿಟಕಿ ಇಲ್ಲ ಅಕ್ಕಾ. ಅಷ್ಟು ದೊಡ್ಡ ಮನ್ಯಾಗ ಕಿಟಕಿ ಇಲ್ಲದ್ದು ಅದೊಂದೇ ಖೋಲಿ, ಅದ್ರಾಗ ಇಂವ ಮಲಗ್ತಾನ. ನೀ ಕೇಳಿದಾಗೆಲ್ಲ ಹೋಗಿ ನೋಡಿ ಬಂದು ಹೇಳ್ತಾನಲ್ಲ, ಅಲ್ಲಿಂದ ಎದ್ದು ಹೋಗಿ ನೋಡ್ತಾನ. ಮುಂಜಾನಿ ಸಂಜಿ ಕಿಟಕಿ ತಗದು ಹಾಕೋದು, ನಳ ಬಿಟ್ಟು ಬಂದ್ ಮಾಡೋದು, ಚಾದರಾ ಝಾಡಿಸೋದು. ಅದು ಅವನ ನೌಕರಿ.

"ಯಾಕ ಮೋಸ ಮಾಡ್ದಿ?" ಅಂದೆ.

"ನಾ ಏನೂ ಅಂದಿಲ್ಲ. ಹೈದರಾಬಾದಿನ್ಯಾಗ ಮನಿ ಅದ ಅಂತ ನಮ್ಮ ಕಾಕಾ ಅಂದಾನ. ನಿಮ್ಮಪ್ಪಾರು ಕೇಳಿದ್ರ ಹೇಳ್ತಿದ್ದೆ. ಯಾರೂ ಕೇಳಲಿಲ್ಲ. ಮಾಮಾ ನನಗ ಒಂದೇ ಒಂದು ಕೇಳಿದ್ರು, ಆ ಕೆಂಪು ದೀಪ ಯಾತರದು ಅಂತ."

ಹೊಡೀಬೇಕಂತ ಕೈ ಎತ್ತಿದೆ. ಆ ಮಾತು ಕೇಳಿ ಕೈ ಹಂಗೇ ಇಳೀತು, ಯಾಕಂದ್ರ ಅಂವ ಖರೆ ಹೇಳಿದ. ಇಂಥಾ ಸುಳ್ಳು ಹೇಳಾಕ ಬಾಯಿ ಸುದ್ದಾ ಬೇಕಾಗಲಿಲ್ಲ ಅವಂಗ. ಕಿಟಕಿ ಮುಂದ ನಿಲ್ಲಸಿದ, ಸಾಕಾತು. ನಮ್ಮ ಮಂದಿನೇ ಉಳದಿದ್ದು ತುಂಬಕೊಂಡ್ರು.

ಲಗ್ನ ಮುರಿ. ನೀ ಮುರಿ, ಇಲ್ಲಾಂದ್ರ ಎಳ್ಳಮಾಸಿ ಹಬ್ಬಕ್ಕ ಬಂದು ನಾ ಮುರೀತೀನಿ.

ಚಂದ್ರಶಾ


ಆಡಕಿ
26 ಡಿಸೆಂಬರ್ 2024

ಚಂದ್ರು,

ನನಗೆ ಗೊತ್ತು.

ಎರಡನೇ ಭಾನುವಾರವೇ ಹೇಳಿದರು. "ಇದು ನನ್ನ ಮನಿ ಅಲ್ಲರಿ. ನಾ ಇಲ್ಲಿ ಕೆಲಸಕ್ಕಿರಾಂವ. ನಿಮ್ಮಪ್ಪಾರಿಗಿ ಹೇಳಬೇಕಂತ ಮಾಡೀನಿ" ಅಂದರು. ಬೇಡ ಅಂದವಳು ನಾನು. ಮೋಸ ಯಾರದು ಅಂತ ಬರೆಯುವುದಿದ್ದರೆ ನನ್ನ ಹೆಸರು ಬರಿ.

ಇವರಿಗಿಂತ ಮುಂಚೆ ಮೂರು ಕಡೆಯವರು ನನ್ನನ್ನು ನೋಡಲು ಬಂದಿದ್ದರು, ನಿನಗೆ ನೆನಪಿದೆ. ಒಬ್ಬರು ನಡೆಸಿ ನೋಡಿದರು. ಒಬ್ಬರು ಸೂಜಿಗೆ ದಾರ ಪೋಣಿಸು ಅಂದರು. ಇನ್ನೊಬ್ಬರು ನನ್ನ ಕೂದಲು ಹಿಡಿದು ಎಳೆದು ನೋಡಿದರು, ಸ್ವಂತದ್ದೋ ಅಲ್ಲವೋ ಅಂತ. ಇವರು ಮಾತ್ರ ಒಂದು ಮಾತು ಕೇಳಿದರು. "ಕಿಟಕಿ ಇಲ್ಲದ ಖೋಲಿ, ನಿಮಗ ನಡೀತದೇನರಿ? ನಡಿಯಂಗಿಲ್ಲಂದ್ರ ಈಗೇ ಹೇಳಿಬಿಡ್ರಿ, ನಾ ಬ್ಯಾಸರ ಮಾಡ್ಕೊಳ್ಳಂಗಿಲ್ಲ." ಇಪ್ಪತ್ಮೂರು ವರ್ಷದಲ್ಲಿ ನನಗೆ ನಡೆಯುತ್ತದೋ ಇಲ್ಲವೋ ಅಂತ ಕೇಳಿದ ಮೊದಲನೆಯ ಮನುಷ್ಯ ಅವರು.

ನಡೆಯುತ್ತದೆ ಅಂದೆ. ಆ ಬಿಲ್ಡಿಂಗಿನಲ್ಲಿ ಮಕ್ಕಳಿಗೆ ಪಾಠ ಹೇಳುವವರು ಬೇಕಂತೆ. ನಾನೂ ದುಡಿಯುತ್ತೇನೆ. ಸಂಜೆ ಕಿಟಕಿ ಮುಚ್ಚುವ ಹೊತ್ತಿಗೆ ಇಬ್ಬರೂ ಹೋಗಿ ಮುಚ್ಚುತ್ತೇವೆ, ಸ್ವಲ್ಪ ನಿಧಾನವಾಗಿ.

ಎಳ್ಳಮಾಸಿಗೆ ಬಾ. ಬಾಯಿ ಮುಚ್ಚಿಕೊಂಡು ಬಾ. ಇದು ಮುರಿದರೆ ಅಪ್ಪ ನನ್ನನ್ನು ಯಾರಿಗೆ ಕೊಡುತ್ತಾರೆ ಅಂತ ನಿನಗೆ ಗೊತ್ತಿದೆ. ಬೇರೆ ಯಾರೂ ಬರುವುದಿಲ್ಲ.

ಶೈಲಶ್ರೀ


ಶಹಾಬಾದ
2 ಜನವರಿ 2025

ಅಕ್ಕಾ,

ನನ್ನ ಕಡಿ ಹಂಗ ನೋಡಬ್ಯಾಡ. ಎಳ್ಳಮಾಸಿ ದಿನ ರೊಟ್ಟಿ ಬುಟ್ಟಿ ಹಿಡ್ಕೊಂಡು ನಿಂತು ನೋಡಿದ್ಯಲ್ಲ, ಆ ನೋಟ ಶಹಾಬಾದತನಕ ಬಂತು.

ಸುಮ್ಕ ಇರ್ಬೇಕಂತನೇ ಬಂದಿದ್ದೆ. ನಂಬಂಗಿದ್ರ ನಂಬು, ಬಿಟ್ರ ಬಿಡು. ಆದ್ರ ಹೊಲದಾಗ ಅಪ್ಪ ಮಾಡಿದ್ದು ನೀ ನೋಡಿಲ್ಲೇನು? ವರ್ಷಕ್ಕೊಮ್ಮಿ ಭೂಮಿತಾಯಿಗಿ ಚರಗಾ ಚೆಲ್ಲೋ ದಿನ. ಸಜ್ಜಿ ರೊಟ್ಟಿ, ಭಜ್ಜಿ, ಕಡಬು ಎಲ್ಲ ಕಲಿಸಿದ ಬುಟ್ಟಿ ಅವ್ವನ ತಲಿಮ್ಯಾಲ ಅದ. ಅಪ್ಪ ಮುಂದ ಹೋಗಿ ಚೆಲ್ಲಬೇಕು. ಅಂವ ಬದುವಿನ್ಯಾಗ ನಿಂತು ಬಾಜೂ ಹೊಲದವರಿಗಿ ಫೋನ್ ತೋರಸ್ಲಿಕತ್ತಾನ. "ಇಲ್ನೋಡ್ರಿ, ಇದು ನಮ್ಮ ಶೈಲಾನ ಕಿಟಕಿ, ಇಲ್ಲಿ ಆಕಿ ಕುಂದ್ರತಾಳ." ಅವ್ವನ ಕುತ್ತಗಿ ನಡಗಾಕತ್ತಿತ್ತು. ನನ್ನ ತಲಿ ಕೆಟ್ಟಿತು. "ಆಕಿ ಕುಂದ್ರೂದು ಬಟ್ಟಿ ಒಗಿಯೋ ಮಷೀನಿನ ಬಾಜೂಕ" ಅಂದೆ. ಆಮ್ಯಾಲ ಎಲ್ಲಾ ಅಂದೆ.

ಮದಲ ಅಪ್ಪ ಏನು ಕೇಳಿದ ನೆನಪದೇನು? "ಆದ್ರ ಅಂವ ಇರೋದು ಇಪ್ಪತ್ತೇಳನೇ ಅಂತಸ್ತಿನ್ಯಾಗೇ ಅಲ್ಲೇನು?" ಅಷ್ಟರ ಮ್ಯಾಲೂ! ಬಾಜೂ ಹೊಲದವರು ನಕ್ಕಿದ್ದಕ್ಕ ಅವಂಗ ಸಿಟ್ಟು ಬಂತು, ಸುಳ್ಳಿಗಲ್ಲ. ನಗದಿದ್ರ ಅಂವ ಆ ಸುಳ್ಳಿನ ಜೋಡಿನೇ ಸುಖದಾಗ ಇರ್ತಿದ್ದ. ತಿಂದ ಪೇಡಾದ ಮಾತು ಗಾಳಿಗಿ ಹೋತು. ಪತ್ರಿಕಿ ಎಲ್ಲ ಒಲಿಗಿ ಹೋದ್ವು. ನಮ್ಮ ಮಂದಿ ಮಾತಿನ ಬೆಲಿ ಅಷ್ಟೇ ನೋಡು, ಯಾರರೆ ನಗೂತನಕ.

ಆಗ ಜಟ್ಟೆಪ್ಪ ಮಾವ ಎದ್ದ. ಬಾಯಿ ಒರಸ್ಕೊಂಡು, "ಆಗಿದ್ದು ಆತು ಭಾವಾ. ನಾ ಇಲ್ಲೇನು?" ಅಂದ. ಅನ್ಕೋತ ನಿನ್ನ ಕಡಿ ನೋಡಿದ. ಸಂತ್ಯಾಗ ಸಂಜಿಮುಂದ ಮಾರದೇ ಉಳದ ಎಮ್ಮಿ ಮಣಕದ ಕಡಿ ನೋಡ್ತಾರಲ್ಲ, ಇನ್ನ ಅರ್ಧಕ್ಕ ಸಿಗ್ತದ ಅಂತ, ಹಂಗ ನೋಡಿದ. ನಾ ಅವಂಗ ಮೇಲು ಅಂದಿದ್ದೆ. ಕಾಗದದ ಮ್ಯಾಲ ಅಂದಿದ್ದೆ, ನಿನ್ನ ಮುಂದ ನಿಲ್ಲಸಿ ನೋಡಿದ್ದಿಲ್ಲ.

ನಾ ಹೇಳಿದ್ದು ಖರೆ. ಖರೆ ಹೇಳಿದಾಂವ ಹೊಟ್ಟಿ ತುಂಬ ಉಣ್ಣಬೇಕಲ್ಲ? ಯಾಕ ಸೇರವಲ್ದು?

ಒಂದು ಮಾತರೆ ಬರಿ. ಬೈದರೆ ಬರಿ.

ಚಂದ್ರಶಾ


ಆಡಕಿ
9 ಜನವರಿ 2025

ಚಂದ್ರು,

ಬೈಯುವುದಕ್ಕೂ ಹೊತ್ತಿಲ್ಲ.

ಬರುವ ಗುರುವಾರ ಜಟ್ಟೆಪ್ಪ ಮಾವನ ಕಡೆಯವರು ಇಲ್ಲಿಗೇ ಬಂದು ಸಿಹಿ ತಿನ್ನುತ್ತಾರೆ. ಮಾವನ ಮನೆ ಎಲ್ಲರೂ ನೋಡಿದ್ದೇ, ಮನೆ ನೋಡುವ ಶಾಸ್ತ್ರ ಬೇಕಾಗಿಲ್ಲ ಅಂತ ತೀರ್ಮಾನ ಆಗಿದೆ. ಮಾವ ನಿನ್ನೆ ಬಂದಾಗ ತನ್ನ ಮಗಳ ಲಂಗ ತಂದಿದ್ದ. "ಹೊಲಗಿ ಬಿಚ್ಯಾದ, ಹಾಕಿಡವಾ" ಅಂದ. ಆ ಹುಡುಗಿ ಮೇಲೆ ನನಗೆ ಸಿಟ್ಟಿಲ್ಲ. ಹೊಲಿದುಕೊಟ್ಟೆ. ಹೊಲಿಯುವಾಗಲೇ ನಿಶ್ಚಯ ಮಾಡಿದೆ.

ಅನಸುಬಾಯಿ ಗಿರಾಕಿಯೊಬ್ಬರ ಫೋನು ಇಸಿದುಕೊಟ್ಟಳು, ಅದರಿಂದ ಹೈದರಾಬಾದಿಗೆ ಮಾಡಿ ಅವರ ಹತ್ತಿರ ಮಾತಾಡಿದೆ. "ಬರ್ರಿ" ಅಂದರು, ಅಷ್ಟೇ. ಗುರುವಾರ ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಾರೆ. ರಿಜಿಸ್ಟರ್ ಮದುವೆಗೆ ಬೇಕಾದ ಕಾಗದ ಎಲ್ಲ ನನ್ನ ಹತ್ತಿರ ಇವೆ.

ಅವ್ವನಿಗೆ ಹೇಳಿಲ್ಲ. ಆದರೆ ನಿನ್ನೆ ನನ್ನ ತಲೆ ಬಾಚುವಾಗ ತನ್ನ ಕೈಯ ಎರಡು ಬಳೆ ತೆಗೆದು ನನ್ನ ಕೈಗೆ ಹಾಕಿದಳು. "ನಂಗ ಬಿಗಿ ಆಗ್ಯಾವ" ಅಂದಳು. ಅವಳ ಕೈ ಎಷ್ಟು ಸಣ್ಣಗಾಗಿದೆ ಅಂತ ನಿನಗೆ ಗೊತ್ತಲ್ಲ.

ಮನೆ ತುಂಬ ಜನ ಇರುತ್ತಾರೆ. ಹೇಗೆ ಹೊರಬೀಳಬೇಕೋ ಇನ್ನೂ ತಿಳಿದಿಲ್ಲ. ನಿನ್ನ ಸಹಾಯ ಕೇಳುತ್ತಿಲ್ಲ. ಇನ್ನೊಮ್ಮೆ ಅಡ್ಡ ಬರಬೇಡ ಅಂತ ಅಷ್ಟೇ ಕೇಳುತ್ತಿದ್ದೇನೆ.

ಶೈಲಶ್ರೀ


ಆಡಕಿ, ನಮ್ಮನಿ ಪಡಸಾಲಿ
16 ಜನವರಿ 2025

ಅಕ್ಕಾ,

ಅಡ್ಡ ಬರಬ್ಯಾಡ ಅಂದಿ. ಬಂದೀನಿ. ನಿನಗಲ್ಲ, ಇವರಿಗಿ.

ನೀ ಒಳಗಿನ ಖೋಲ್ಯಾಗ ಅದೀ, ನಾ ಹೊರಗ ಕಂಬಕ್ಕ ಆನಕೊಂಡು ಕುಂತೀನಿ. ನಡುವ ಒಂದು ಗ್ವಾಡಿ. ಎದ್ದು ಬಂದು ನಿನ್ನ ಕಿವ್ಯಾಗ ಹೇಳಬಹುದಿತ್ತು. ಮೂರು ಮಂದಿ ಹೆಂಗಸರು ನಿನ್ನ ಕಾಯ್ಲಿಕತ್ತಾರ, ಅದಕ್ಕ ಬರೀಲಿಕತ್ತೀನಿ. ಅನಸುಬಾಯಿ ಹೂವಿನ ಬುಟ್ಟ್ಯಾಗ ಇಟ್ಟು ಒಳಗ ತರ್ತಾಳ. ಓದಿ ಬಾಯಾಗ ಹಾಕಿ ನುಂಗು, ಬೇಕಂದ್ರ.

ನಾ ಬಂದಾಗ ಅಪ್ಪ "ಕುಂದ್ರು, ಆದ್ರ ಬಾಯಿ ಬಿಡಬ್ಯಾಡ" ಅಂತ ಕಣ್ಣಿನ್ಯಾಗೇ ಅಂದ. ಜಟ್ಟೆಪ್ಪ ಮಾವ ತಲಿಗಿ ಬಣ್ಣ ಹಚ್ಕೊಂಡು ಬಂದಾನ. ಬೆವರಿಗಿ ಅದು ಕರಗಿ ಕಿವಿ ಹಿಂದಿಂದ ಕೊಳ್ಳಪಟ್ಟಿಗಿ ಇಳೀಲಿಕತ್ತದ. ಎಲ್ಲಾರೂ ನೋಡಿ ನೋಡದಂಗ ಕುಂತಾರ. ಭಾಳ ಮರ್ಯಾದಿ ಮಂದಿ. ನಾ ಅಲ್ಲಿಂದನೇ ಸುರು ಮಾಡ್ತೀನಿ. ಜಗಳಾ ತೆಗಿಯೂದು ನನಗ ಯಾರೂ ಕಲಸಬೇಕಾಗಿಲ್ಲ, ಈ ಊರಾಗ ನನಗ ಅದೊಂದಕ್ಕೇ ಹೆಸರದ.

ಕೇಳು. ಪೇಡಾದ ತಾಟು ಹೊರಗ ಬಂದ ಕೂಡ್ಲೇ ನಾ ಏಳ್ತೀನಿ. ತಾಟು ಒದೀತೀನಿ. ಗದ್ದಲಾ ಕೇಳಿ ನಿನ್ನ ಕಾಯೋ ಹೆಂಗಸರು ಬಾಗಲಕ್ಕ ಓಡಿ ಬರ್ತಾರ, ನಮ್ಮ ಮಂದಿ ಜಗಳಾ ಬಿಟ್ಟು ಒಳಗ ಕುಂದ್ರಾವರಲ್ಲ. ನೀ ಆಗೇ ಏಳಬ್ಯಾಡ. ಒಂದಿಬ್ಬರು ನನ್ನ ಬಡೀತಾರ. ಬಡೀಲಿ. ಆಮ್ಯಾಲ ಅಪ್ಪ "ಹೊಂಡು ನನ್ನ ಮನಿ ಬಿಟ್ಟು" ಅಂತಾನ. ಅಂತಾನ ನೋಡು, ಅದು ತಪ್ಪಂಗಿಲ್ಲ. ನಾ ಹೊಂಡ್ತೀನಿ. ಹೊಂಡೂಮುಂದ ತಲಬಾಗಲಾ ಎಂಥಾದ್ದು ಬಡೀತೀನಂದ್ರ ಓಣಿ ಮಂದಿ ಎಲ್ಲಾ ಮುಂದಿನ ಕಡಿ ಬರಬೇಕು. ಅದೇ ನಿನಗ ಇಷಾರಾ. ಎಮ್ಮಿ ಬಾಜೂದಿಂದ ಹಿತ್ತಲ ದಾಟು. ತಾಹಿರ್ ಕ್ರಾಸಿನ್ಯಾಗ ಲಾರಿ ಚಾಲೂ ಇಟ್ಕೊಂಡೇ ನಿಂತಾನ. ಸೇಡಂತನಕ ಬಿಡ್ತಾನ. ಅಂವ ಏನೂ ಕೇಳಂಗಿಲ್ಲ.

ನಾ ಬರಂಗಿಲ್ಲ ನಿನ್ನ ಜೋಡಿ. ಮತ್ತ ಆ ಕಿಟಕಿ ನೋಡು ಬಾ ಅಂತ ನನಗ ಎಂದೂ ಕರೀಬ್ಯಾಡ. ನನ್ನ ಮನಸು ಬದಲಾಗ್ಯಾದ ಅಂತ ತಿಳ್ಕೊಬ್ಯಾಡ. ಅದು ಧೂಳು. ಎದ್ದು ನಿಂತ ಧೂಳು, ಮ್ಯಾಲ ಲೈಟು. ಅದನ್ನ ನೋಡಿ ಬಾಯಿ ತೆರಿಯೋರೆಲ್ಲ ಬೇಕೂಫರು. ನಿನ್ನ ಸಂಗಮೇಶ್ವರನೂ ಬೇಕೂಫ, ಮಂದಿ ಮನಿ ಕಿಟಕಿ ತಗದು ಹಾಕೋದ್ರಾಗ ಜನ್ಮ ಕಳೀತಾನ. ನೀ ಎಲ್ಲಾರಿಗಿಂತ ದೊಡ್ಡ ಬೇಕೂಫ. ಆದ್ರ ನಡೀತದೇನು ಅಂತ ಅಂವ ನಿನಗ ಕೇಳ್ಯಾನ. ನಾನೂ ಕೇಳಿದ್ದಿಲ್ಲ.

ಅವ್ವ ತಾಟು ತಗೊಂಡು ಅಡಗಿಮನಿಯಿಂದ ಬಂದ್ಳು. ನನ್ನ ಕಡಿ ನೋಡಿದ್ಳು. ಆಕಿ ಕೈಯಾಗ ಆ ಎರಡು ಬಳಿ ಇಲ್ಲ.

ಚಪ್ಪಲಿ ಹಾಕ್ಕೊಂಡೇ ಕುಂತೀನಿ. ಅನಸುಬಾಯಿ ಕೈ ಚಾಚ್ಯಾಳ. ಇಷ್ಟೇ.

ಬಾಗಲಾ ಬಡದಿದ್ದು ಕೇಳಿದ್ಯಂದ್ರ ತಿಳ್ಕೋ, ನಾ ಹೊಂಟೆ. ನೀನೂ ಹೊಂಡು.

ಚಂದ್ರಶಾ